ನೀಲಿ ಕೂದಲಿನ ರಂಗೋಲಿ

ವೈನಿಯ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗಲೂ ನೀಲಿಯಾಗಿರುತ್ತಿದ್ದವು. ಉಗುರಿನ ಸಂದಿಯಲ್ಲಿ ಕೂತ ರಂಗೋಲಿ ಪುಡಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಅವರು ರೊಟ್ಟಿ ಬಡಿಯುವಾಗ ಅವ್ವ ಆ ಬೆರಳುಗಳನ್ನೇ ನೋಡುತ್ತ, "ಹಿಟ್ಟಿಗೆ ಬಣ್ಣ ಹತ್ತೀತವಾ" ಎಂದು ಒದ್ದಾಡುತ್ತಿದ್ದಳು. ನಮ್ಮದು ಅಂಜುಬುರುಕರ ಮನೆತನ. ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಬಂದವರು ನಾವು. ದೇಶಪಾಂಡೆ ನಗರದ ಅಂಥ ಮನೆಗೆ ಅಣ್ಣನ ಹೆಂಡತಿಯಾಗಿ ಬಂದವರು ವೈನಿ.

ಆಗಷ್ಟೇ ಕೇಬಲ್ಲಿನಲ್ಲಿ ಸಂಜೆ ಐದಕ್ಕೆ ಒಂದು ಜಪಾನಿ ಕಾರ್ಟೂನು ಶುರುವಾಗಿತ್ತು. ಮಾತೆಲ್ಲ ಹಿಂದಿಯಲ್ಲಿ. ದೀಪಸ್ತಂಭ ಕಾಯುವ ನೀಲಿ ಕೂದಲಿನ ಹುಡುಗಿ, ದೋಣಿ ಹತ್ತಿ ಮಂಜಿನೊಳಗೆ ಹೋದ ಅವಳ ತಮ್ಮ, ಅವನು ಬರಲೆಂದು ದಿನಾ ಹಚ್ಚುವ ದೀಪ. ಕಾಲೇಜಿನಲ್ಲಿ ನಾವು ನಾಲ್ಕು ಜನ ಗೆಳತಿಯರಿಗೆ ಅದರದೇ ಹುಚ್ಚು. ಕೊತ್ತಂಬರಿ ಸೋಸುತ್ತ ಪಕ್ಕದಲ್ಲಿ ಕೂತ ವೈನಿಗೂ ಹಿಡಿಯಿತು ನೋಡಿ, ಮರುದಿನ ಮುಂಜಾನೆ ಬಾಗಿಲ ಮುಂದೆ ಚುಕ್ಕಿ ಎಳೆ ಎಲ್ಲ ಮಾಯ! ಅಷ್ಟಗಲ ಕಣ್ಣಿನ, ಹಾರುವ ನೀಲಿ ಕೂದಲಿನ ಹುಡುಗಿ ಬಂದು ಕೂತಿದ್ದಳು.

ಪಕ್ಕದ ಮನೆಯ ಅಜ್ಜಿ ಚಪ್ಪಲಿ ಬಿಟ್ಟು ನಿಂತರು. "ಯಾವ ದೇವೀನವಾ ಇಕಿ? ಕಣ್ಣಾಗ ಎಂಥಾ ಕಳಾ ಐತಿ!" ಎಂದವರೇ ಒಳಗಿಂದ ಕುಂಕುಮ ತಂದು ರಂಗೋಲಿಯ ಹಣೆಗಿಟ್ಟು ಕೈಮುಗಿದರು.

"ಇಕಿ ಜಪಾನಿನಾಕಿ ಅದಾಳ್ರಿ ಅಜ್ಜಿ," ಎಂದರು ವೈನಿ, ಸಂಕೋಚದಿಂದ.

"ಇರಲಿ ಬಿಡು. ಅಲ್ಲಿನ ಮಂದಿಗೂ ದೇವರು ಬೇಕಲ್ಲ."

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗೆಳತಿಯರು ಸೈಕಲ್ ಹೊಡೆದುಕೊಂಡು ಬಂದು ನೋಡಿದರು. ಕಣ್ಣು ಇನ್ನೂ ದೊಡ್ಡದಾಗಬೇಕಿತ್ತು, ಮೂಗು ಉದ್ದವಾಯಿತು ಎಂದು ನಡುಬೀದಿಯಲ್ಲಿ ವಾದಕ್ಕೆ ನಿಂತರು. ಜನ ಏನಂದಾರು ಎಂದು ಅವ್ವ ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದಳು.

ನಮ್ಮ ಹುಚ್ಚು ಬೇರೆ, ವೈನಿಯದು ಬೇರೆ. ನಾವು ಬಣ್ಣಕ್ಕೆ, ಹಾಡಿಗೆ ಮರುಳಾದವರು. ಅವರಿಗೆ ಕಥೆ ನೆಟ್ಟಗಿರಬೇಕು. ಒಂದು ಸಂಜೆ ಕೊತ್ತಂಬರಿ ಕೈಬಿಟ್ಟು, "ಇಲ್ಲಿ ಕತ್ತರಿ ಹಾಕ್ಯಾರ ನೋಡು," ಎಂದರು. "ನಿನ್ನೆ ಆಕಿ ಕೈ ಛಲೋ ಇತ್ತು, ಇವತ್ತ ಪಟ್ಟಿ ಕಟ್ಟೇತಿ. ನಡಕ ಏನಾತು?"

ಕಾರ್ಟೂನಿಗೆ ಮೂಲವಾದ ಚಿತ್ರಕಥೆಯ ಪುಟಗಳನ್ನು ಅಭಿಮಾನಿಗಳು ಯಾರೋ ಇಂಗ್ಲಿಷಿಗೆ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದರು. ಸೈಬರ್ ಕೆಫೆಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದೆ. ವೈನಿ ಹೇಳಿದ್ದು ಖರೆ. ತಮ್ಮ ಬರಲಿಲ್ಲವೆಂಬ ಸಿಟ್ಟಿನಲ್ಲಿ ಹುಡುಗಿ ದೀಪದ ಗಾಜಿಗೆ ಗುದ್ದಿ ಕೈ ಕೊಯ್ದುಕೊಳ್ಳುತ್ತಾಳೆ. ಟಿವಿಯವರು ಅದನ್ನು ಹಾರಿಸಿಬಿಟ್ಟಿದ್ದರು.

"ಹುಡುಗರು ಹೆದರತಾವಂತ ತಗದಿರಬೇಕು," ಎಂದರು ವೈನಿ ಪುಟ ತಿರುವುತ್ತ. "ಆದ್ರ ಪಟ್ಟಿ ಹಂಗ ಬಿಟ್ಟಾರಲ್ಲ! ಗಾಯ ತೋರಿಸದ, ಪಟ್ಟಿ ಅಷ್ಟ ತೋರಿಸಿದ್ರ ಇನ್ನೂ ಹೆದರಿಕಿ ಆಗತೈತಿ." ಮರುದಿನ ಬಾಗಿಲಲ್ಲಿ ಒಡೆದ ಗಾಜಿನ ರಂಗೋಲಿ ಬಿತ್ತು.

ಆಮೇಲೆ ವೈನಿ ಬಸುರಿಯಾದರು. ಹಿಂದೆ ಒಂದು ಬಸಿರು ಉಳಿದಿರಲಿಲ್ಲ. ಈ ಸಲ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದರು. ಟಿವಿ ಅವರ ಕೋಣೆಗೆ ಹೋಯಿತು, ರಂಗೋಲಿ ನಿಂತಿತು. ಬೆರಳಿನ ನೀಲಿ ದಿನದಿನಕ್ಕೆ ತಿಳಿಯಾಗಿ ಒಮ್ಮೆ ಪೂರಾ ಹೋಗಿಬಿಟ್ಟಿತು. ಆ ಬೋಳು ಬೆರಳು ಕಂಡರೆ ನಾನು ಬೇರೆ ಕಡೆ ನೋಡುತ್ತಿದ್ದೆ.

ಏಳು ತಿಂಗಳು ತುಂಬಿದಾಗ ವಿದ್ಯಾನಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಅಣ್ಣನನ್ನೂ ನನ್ನನ್ನೂ ಹೊರಗೆ ಕರೆದರು. ಕೂಸಿನ ಬೆಳವಣಿಗೆ ಸಾಲದು, ಅದರ ಅಲುಗಾಟದ ಮೇಲೆ ತಾಯಿಯ ಗಮನ ಇರಲಿ, ಕಡಿಮೆ ಅನಿಸಿದರೆ ತಕ್ಷಣ ಕರೆತನ್ನಿ ಎಂದರು.

"ಆಕಿಗೆ ಹೇಳೂದು ಬ್ಯಾಡ," ಎಂದ ಅಣ್ಣ, ಆಟೋ ಹುಡುಕುತ್ತ. "ಅಂಜಿ ಮತ್ತೇನರ ಆದ್ರ? ನಾವ ನೋಡಿಕೊಂಡ್ರಾತು."

ಕೂಸಿನ ಅಲುಗಾಟವನ್ನು ನಾವು ಹೊರಗಿನಿಂದ ಹೇಗೆ ನೋಡಿಕೊಳ್ಳಬೇಕಿತ್ತೋ! ಅದು ಯಾರ ತಲೆಗೂ ಹೊಳೆಯಲಿಲ್ಲ. ಅವ್ವ ಕಾರಣವಿಲ್ಲದೆ ನಗತೊಡಗಿದಳು. ಅಣ್ಣ ಕೋಣೆಗೆ ಬಂದರೆ ಫ್ಯಾನು ನೋಡುತ್ತಿದ್ದ. ನಾನು ಊಟ ಬಿಟ್ಟೆ.

ಮೂರನೆಯ ಸಂಜೆ ಕಾರ್ಟೂನು ಶುರುವಾಯಿತು. ವೈನಿ ಟಿವಿಯ ದನಿ ಪೂರಾ ಇಳಿಸಿದರು.

"ಬಾ ಇಲ್ಲೆ, ಕುಂದ್ರು. ಸ್ಕ್ಯಾನ್ ಆದಾಗಿಂದ ನಿಮ್ಮಣ್ಣ ನನ್ನ ಮಾರಿ ನೋಡವಲ್ರು. ಅತ್ತಿಯವರು ಬೈಯೂದ ಬಿಟ್ಟಾರ. ನೀ ಟಿವಿ ನೋಡವಲ್ಲಿ, ನನ್ನ ಹೊಟ್ಟಿ ನೋಡಾಕತ್ತಿ. ನನಗ ಪಟ್ಟಿ ಕಾಣಾಕತ್ತೇತಿ ತಂಗಿ. ಗಾಯ ಎಲ್ಲೈತಿ, ಹೇಳು."

ಹೇಳಿದರೆ ಇವರಿಗೇನಾಗುತ್ತದೋ, ಹೇಳದಿದ್ದರೆ ಏನಾಗುತ್ತದೋ. ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಡಾಕ್ಟರು ಅಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ವೈನಿ ಅಳಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟು ಅಲುಗಾಟಕ್ಕಾಗಿ ತಡಕಿದರು. ಆಮೇಲೆ ಮೆಲ್ಲಗೆ, "ಮುಂಜಾನಿಯಿಂದ ಒಂದ ಸಲಾನೂ ಒದ್ದಿಲ್ಲ," ಎಂದರು. "ಮಲಗಿರಬೇಕಂತ ನಾನೂ ಸುಮ್ಮನಿದ್ದೆ. ಆಟೋ ಕರಿ. ಲಗೂ!"

ಅವ್ವ ಬರಿಗಾಲಲ್ಲೇ ಆಟೋ ಹತ್ತಿದಳು. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿದ ಮೇಲೆ ಅಂಗಡಿಯಿಂದ ಓಡಿಬಂದ ಅಣ್ಣ ನನ್ನ ಮೇಲೆ ಹರಿಹಾಯ್ದ. "ಹೇಳಬ್ಯಾಡ ಅಂದಿದ್ನೆಲ್ಲ ನಿನಗ! ಏನರ ಆತಂದ್ರ ನಾ ನಿನ್ನ ಮಾರಿ ನೋಡಂಗಿಲ್ಲ!" ನಾನು ಗೋಡೆಗೆ ಆತು ನಿಂತು, ಬಾಯಿಗೆ ಬಂದ ದೇವರನ್ನೆಲ್ಲ ಕರೆದೆ. ಆ ನೀಲಿ ಕೂದಲಿನವಳನ್ನೂ ಕರೆದೆ, ನಗಬೇಡಿ.

ಡಾಕ್ಟರು ಹೊರಗೆ ಬಂದು ಮಾಸ್ಕ್ ಇಳಿಸಿದರು. "ಹೆಣ್ಣು ಕೂಸು. ಭಾಳ ಸಣ್ಣದೈತಿ, ಆದ್ರ ಉಸಿರಾಡಾಕತ್ತೇತಿ. ಇಷ್ಟು ಲಗೂ ಬಂದದ್ದು ಛಲೋ ಮಾಡಿದ್ರಿ. ನಾಳೆ ಬಂದಿದ್ರ ಉಳೀತಿದ್ದಿಲ್ಲ." ಅಣ್ಣ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡ.

ಕಾರ್ಟೂನಿನ ಕೊನೆಯ ಕಂತು ಬಂದಾಗ ಕೂಸು ವೈನಿಯ ತೊಡೆಯ ಮೇಲಿತ್ತು. ಟಿವಿಯಲ್ಲಿ ತಮ್ಮ ನಗುನಗುತ್ತ ದೋಣಿಯಿಂದ ಇಳಿದ, ಬಾಜಾ ಬಜಂತ್ರಿ ಎಲ್ಲ ಆಯಿತು. ನಾನು ಕಣ್ಣೊರೆಸಿಕೊಂಡೆ. ವೈನಿ ಮಾತ್ರ, "ಸುಳ್ಳ ಇದು. ಆ ಪ್ರಿಂಟಿನಾಗ ಏನೈತಿ, ತೋರಿಸು," ಎಂದರು. ಮೂಲ ಚಿತ್ರಕಥೆಯಲ್ಲಿ ದೋಣಿ ಖಾಲಿ ಬರುತ್ತದೆ, ಹುಡುಗಿ ಮತ್ತೆ ದೀಪ ಹಚ್ಚುತ್ತಾಳೆ. ತಿಂಗಳುಗಳ ನಂತರ ವೈನಿ ಕೂತು ಬಿಡಿಸಿದ ಮೊದಲ ರಂಗೋಲಿ ಅದೇ.

"ಕೂಸಿರೋ ಮನಿ ಮುಂದ ಖಾಲಿ ದೋಣಿ ಏನವಾ!" ಎಂದು ಅವ್ವ ಚೀರಿದಳು.

"ದೀಪಾನೂ ಐತೆಲ್ರಿ ಅತ್ತಿ," ಎಂದು ವೈನಿ ಬೆರಳು ಸೆರಗಿಗೆ ಒರೆಸಿಕೊಂಡರು. ಬೆರಳು ನೀಲಿಯಾದದ್ದು ಕಂಡು ನನಗೆ ಜೀವ ಬಂದಂತಾಯಿತು.

ಕೂಸಿಗೆ ಎಂಟು ವರ್ಷ ತುಂಬುವ ಹೊತ್ತಿಗೆ ವೈನಿಗೆ ದೊಡ್ಡ ಜಡ್ಡು ಬಂತು. ಗುಣವಾಗುವುದಿಲ್ಲವೆಂದು ಡಾಕ್ಟರು ಹೇಳಿದ ದಿನ ಅಣ್ಣ, ಅವ್ವ ಇಬ್ಬರೂ ನನ್ನತ್ತ ನೋಡಿದರು. ನಾನೇ ಹೋಗಿ ಮಂಚದ ಮೇಲೆ ಕೂತು ಹೇಳಿದೆ. ವೈನಿ ನನ್ನ ಕೈ ಹಿಡಿದುಕೊಂಡರು. "ಛಲೋ ಆತು ಹೇಳಿದ್ದು," ಎಂದರು. ಬಾಗಿಲಾಚೆ ಆಡುತ್ತಿದ್ದ ಮಗಳ ಕಡೆ ನೋಡಿ, "ಆಕಿಗೂ ಹೇಳು. ಪಟ್ಟಿ ಅಷ್ಟ ತೋರಿಸಬ್ಯಾಡ್ರಿ," ಎಂದರು. ಆಗ ನನ್ನಿಂದಾಗಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು.

ಮನೆ ತುಂಬ ನೆಂಟರು. ಹುಡುಗಿಯನ್ನು ಪಕ್ಕದ ಮನೆಗೆ ಸಾಗಹಾಕಿದ್ದರು. ಸಂಜೆ ಅವಳು ತಪ್ಪಿಸಿಕೊಂಡು ಬಂದು ಹೊಸ್ತಿಲಲ್ಲಿ ನನ್ನೆದುರು ನಿಂತಳು. ಬಾಗಿಲ ಮುಂದೆ ರಂಗೋಲಿ ಇರಲಿಲ್ಲ.

"ಅತ್ತಿ, ಅವ್ವ ಅಜ್ಜನ ಊರಿಗೆ ಹೋಗ್ಯಾಳಂತ ಎಲ್ಲಾರೂ ಹೇಳಾಕತ್ತಾರ. ಮತ್ತ ಎಲ್ಲಾರೂ ಯಾಕ ಅಳಾಕತ್ತಾರ?"

ಅಂಜುಬುರುಕಿ ನಾನು, ಇವತ್ತಿಗೂ. ಒಳಗಿನಿಂದ ಯಾರೋ ಬೇಡವೆಂದು ಸನ್ನೆ ಮಾಡಿದರು. ನಾನು ಹುಡುಗಿಯನ್ನು ಹೊಸ್ತಿಲ ಮೇಲೆ ಪಕ್ಕಕ್ಕೆ ಕೂರಿಸಿಕೊಂಡೆ. ಅವಳ ಎರಡೂ ಕೈ ಹಿಡಿದು, ಏನೂ ಬಿಡದೆ ಎಲ್ಲವನ್ನೂ ಹೇಳಿದೆ.