ನಲವತ್ತು ತುಂಬಿದ ನನ್ನ ಗೋಲ್‌ಕೀಪರ್

ನೆಂಟರೇ, ಸ್ನೇಹಿತರೇ, ಇವತ್ತು ಫೈನಲ್‌ನಲ್ಲಿ ನನ್ನ ತಂಡ ಐದು ಗೋಲು ತಿಂದು ಸೋತಿತು. ನನಗೆ ಸಿಟ್ಟು ಬಂದಿರುವುದು ಸೋತದ್ದಕ್ಕಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಮನೆತನದ ಎಂಟು ಮಂದಿ ಫೋನಿನಲ್ಲೇ ಫುಟ್‌ಬಾಲ್ ಲೀಗ್ ನಡೆಸುತ್ತೇವೆ. ಆಟಗಾರರೆಲ್ಲ ಕಂಪ್ಯೂಟರ್ ಹುಟ್ಟಿಸಿದವರು. ಹನ್ನೊಂದು ಜನರನ್ನು ಆರಿಸಿ, ಹೇಗೆ ಆಡಬೇಕೆಂದು ಹೇಳುವುದಷ್ಟೇ ನಮ್ಮ ಕೆಲಸ. ಭಾನುವಾರ ಬೆಳಿಗ್ಗೆ ಕಂಪ್ಯೂಟರೇ ಪಂದ್ಯ ಆಡಿ ಮುಗಿಸುತ್ತದೆ. ನಾವು ಅದರ ವರದಿ ಓದಿಕೊಂಡು ಕೂಗಾಡುತ್ತೇವೆ. ಯಾರೂ ಕಲಿಸದೆ, ಕನ್ನಡಕ ಏರಿಸಿಕೊಂಡು ಕೂತು ನಾನೇ ಕಲಿತ ವಿದ್ಯೆ ಇದು.

ಇವತ್ತು ಸೋತ ಮೇಲೆ ಪಟ್ಟಿ ತೆರೆದರೆ ನನ್ನ ಗೋಲ್‌ಕೀಪರ್ ಬೆಂಚಿನಲ್ಲಿ ಕೂತಿದ್ದಾನೆ! ಇಡೀ ಸೀಸನ್‌ನಲ್ಲಿ ನಾಲ್ಕೇ ಗೋಲು ಬಿಟ್ಟವನು. ಲೀಗ್ ನೋಡಿಕೊಳ್ಳುವವನು ಮತ್ತಿಕೆರೆಯಲ್ಲಿರುವ ನನ್ನ ಮೈದುನನ ಮಗ ಪ್ರದೀಪ. ನನ್ನ ಪಾಸ್‌ವರ್ಡ್ ಗೊತ್ತಿರುವುದೂ ಅವನಿಗೊಬ್ಬನಿಗೇ. ಫೋನ್ ಮಾಡಿದೆ.

"ನಾನೇ ಚೇಂಜ್ ಮಾಡ್ದೆ ದೊಡ್ಡಮ್ಮ. ಅವನಿಗೆ ನಲವತ್ತು ವರ್ಷ ಆಗೋಯ್ತು. ಹತ್ತೊಂಬತ್ತರ ಹುಡುಗನ್ನ ಹಾಕ್ದೆ. ನಿಮಗೆ ಇದೆಲ್ಲ ಗೊತ್ತಾಗಲ್ಲ ಅಂತ ಹೆಲ್ಪ್ ಮಾಡಿದ್ದು."

"ನನ್ನನ್ನ ಒಂದ್ ಮಾತು ಕೇಳಿದ್ಯೇನೋ? ಈ ಪಂದ್ಯ ಮತ್ತೆ ಆಡ್ಸು."

"ಆಗಲ್ಲ ದೊಡ್ಡಮ್ಮ, ರೂಲ್ಸು."

"ನನ್ನ ಟೀಮಿಗೆ ಕೈ ಹಾಕುವಾಗ ಎಲ್ಲಿಗೆ ಹೋಗಿತ್ತೋ ನಿನ್ನ ರೂಲ್ಸು?"

"ಅಯ್ಯೋ, ಬರೀ ಗೇಮ್ ಅಲ್ವಾ, ಬಿಡಿ."

ಬಿಡುವುದಿಲ್ಲ. ಕಪ್ ನಾಗಸಂದ್ರದ ನಾದಿನಿಯ ಪಾಲಾಯಿತು. ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿ ನನ್ನನ್ನು ಸಮಾಧಾನ ಮಾಡಿದ್ದಾಳೆ. ಪಾಸ್‌ವರ್ಡ್ ಬದಲಿಸಿದ್ದೇನೆ.

ಅಂದಹಾಗೆ, ನನಗೆ ಆಟ ಗೊತ್ತಾಗುವುದಿಲ್ಲವೆಂದು ಸಹಾಯಕ್ಕೆ ಬಂದ ಮಹಾಶಯನ ಸ್ವಂತ ತಂಡ ಎಂಟರಲ್ಲಿ ಎಂಟನೆಯದು.