ಬಾಯಿ ಮೇಲೆ, ಬಾಯಿ ಕೆಳಗೆ

ಮಗುವಿನ ನಾಲಿಗೆಯ ಮೇಲೆ ಇದ್ದದ್ದು ಒಂದೇ ಎಳೆಯೋ, ಎರಡೋ? ಎರಡನೆಯದು ಆಗಲೇ ಗಂಟಲಿಗೆ ಇಳಿದಿದ್ದರೆ? ಕತ್ತರಿಸಿದ ಉಗುರಿನಷ್ಟು ತೆಳುವಾದ, ಸುರುಳಿ ಸುತ್ತಿಕೊಂಡ ಹಿತ್ತಾಳೆಯ ಎಳೆ. ಬೆರಳು ಹಾಕಿ ತೆಗೆದೆ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ ಏನೂ ಇಲ್ಲವೆಂದರು. ಆದರೂ ನನ್ನ ಮಗಳು ಸಿಗ್ನೆಯ ಡಯಾಪರ್ ಬಿಚ್ಚಿದಾಗಲೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ.

ಎಳೆ ಬಂದದ್ದು ನಮ್ಮ ನೆಲಮಾಳಿಗೆಯಿಂದ, ನನ್ನ ಅತ್ತೆ ಥೋರಾ ಅವರ ಉಣ್ಣೆಯ ಕಾಲುಚೀಲಕ್ಕೆ ಅಂಟಿಕೊಂಡು. ಅಲ್ಲಿ ಅವರ ಮೇಜಿದೆ. ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಪ್ರೆಸ್ಸಿನಲ್ಲಿ ಒತ್ತಿ, ಕತ್ತು ಹೆರೆದು ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ತೋಟಾ ಮಾಡುವ ಮೇಜು. ಮೊಂಟಾನಾದ ಈ ಊರಿನಲ್ಲಿ ಅಂಥ ಮೇಜು ಯಾರಿಗೂ ದೊಡ್ಡ ಸಂಗತಿಯಲ್ಲ. ಸಿಯಾಟಲ್‌ನಲ್ಲಿ ಓದಿ ಬೆಳೆದ ನನಗೆ ಮಾತ್ರ, ಸಿಗ್ನೆ ತೆವಳತೊಡಗಿದ ಮೇಲೆ, ಅದು ಮನೆಯೊಳಗೆ ಕಟ್ಟಿಹಾಕಿದ ಕರಡಿಯಂತೆ ಕಾಣುತ್ತಿತ್ತು.

ಎಳೆಯ ಸುದ್ದಿ ಕೇಳಿದ ಕೂಡಲೇ ನನ್ನ ಭಾವ ರೋಲ್ಫ್ ಹೇಳಿದ: "ಶನಿವಾರ ಪಿಕಪ್ ತರ್ತೀನಿ. ಮೇಜು, ಪ್ರೆಸ್ಸು, ಮದ್ದು ಎಲ್ಲ ಹೇರ್ಕೊಂಡು ಹೋಗ್ತೀನಿ. ನೀನು ಫೋನ್ ಮಾಡಿ ಹೂಂ ಅನ್ನು, ಅಷ್ಟು ಸಾಕು." ಗೂಡ್ಸ್ ರೈಲಿನ ಕೆಲಸದಲ್ಲಿ ಊರೂರು ಅಲೆಯುವ ನನ್ನ ಗಂಡನೂ ನಿನ್ನಿಷ್ಟ ಎಂದುಬಿಟ್ಟ.

ಮೇಜು ಹೋದರೆ ಥೋರಾ ಅವರ ಬೇಟೆಯೂ ಹೋದ ಹಾಗೆಯೇ. ತಾಯಿಯಿಂದ ಬಂದ ಅವರ ಕೋವಿಯ ಅಳತೆಗೆ ತೋಟಾ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. "ಬೇರೆ ಕೋವಿ ತಗೋಬಹುದಲ್ಲ, ಥೋರಾ?" ಎಂದು ಒಮ್ಮೆ ಕೇಳಿದ್ದೆ. "ಬೇರೆ ಸೊಸೆ ತಗೋಬಹುದಾ?" ಎಂದು ಕಾಫಿ ಬಗ್ಗಿಸಿಕೊಂಡರು.

ಥೋರಾಗೆ ಎಪ್ಪತ್ತು ದಾಟಿದೆ. ಹಿಮವೋ ಮಂಜೋ, ಊರಿನ ಶಾಲೆಯ ಬಸ್ಸನ್ನು ನಿವೃತ್ತಿಯವರೆಗೂ ಓಡಿಸಿದವರು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಮಾವ, ಹೆಂಗಸು ಮದ್ದು ಮುಟ್ಟಿದರೆ ಕೋವಿ ಕೆಡುತ್ತದೆ ಎಂದನಂತೆ. "ಹಾಗಾದ್ರೆ ಹೆಂಗಸು ಹೊಡೆದ ಮಾಂಸ ತಿಂದ್ರೆ ನಿಮ್ಮ ಹೊಟ್ಟೆನೂ ಕೆಡುತ್ತೆ" ಎಂದ ಥೋರಾ, ಆ ಚಳಿಗಾಲವೆಲ್ಲ ಎಲ್ಲರ ತಟ್ಟೆಗೆ ತಾವು ಹೊಡೆದ ಎಲ್ಕ್ ಕಡವೆಯ ಮಾಂಸ, ಮಾವನ ತಟ್ಟೆಗೆ ಬರೀ ಆಲೂಗಡ್ಡೆ ಬಡಿಸಿದರು. ಹಿಮ ಕರಗುವ ಹೊತ್ತಿಗೆ ಮಾವನೇ ಹಲಗೆ ಕೊಯ್ದು ಈ ಮೇಜು ಮಾಡಿಕೊಟ್ಟ.

ಗುರುವಾರ ಮಧ್ಯಾಹ್ನ ರೋಲ್ಫ್ ಧಡಧಡನೆ ಬಂದ. ಬೇಟೆಯ ಕಾಲಕ್ಕೆ ಮುಂಚೆ ಅಮ್ಮನ ಕೋವಿಯ ಗುರಿ ಸರಿಮಾಡಲೆಂದು ಹೋಗಿದ್ದವನು ತೋಟಾ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲೆ ಕುಕ್ಕಿದ.

"ತೋಟಾ ಹಾಕಿದ್ರೆ ಕೋವಿ ಬೋಲ್ಟೇ ಮುಚ್ತಿಲ್ಲಮ್ಮ! ಬಲವಂತವಾಗಿ ಮುಚ್ಚಿ ಹೊಡೆದಿದ್ರೆ ನನ್ನ ಮುಖ ಉಳೀತಿರಲಿಲ್ಲ."

"ಉಳಿದು ಏನು ಉಪಕಾರ ಆಗಿದೆ? ಮದುವೆಗೆ ಇನ್ನೂ ಒಬ್ಬಳೂ ಒಪ್ಪಿಲ್ಲ."

"ತಮಾಷೆ ಸಾಕು. ನಿನ್ನ ಕಣ್ಣು ಹೋಗಿದೆ, ಒಪ್ಕೋ."

"ನಿನ್ನ ಅಂಗಿ ಮೇಲಿರೋ ಸಾಸಿವೆ ಸಾಸಿನ ಕಲೆ ಕಾಣೋವಷ್ಟು ಇದೆ."

ಪೆಟ್ಟಿಗೆ ಎತ್ತಿಕೊಂಡು ಥೋರಾ ಕೆಳಗಿಳಿದರು. ಸಿಗ್ನೆಯನ್ನು ಸೊಂಟಕ್ಕೇರಿಸಿಕೊಂಡು ನಾನೂ ಹಿಂದೆಯೇ ಹೋದೆ. ಒಂದೊಂದಾಗಿ ಗುಂಡು ಕಿತ್ತು, ಮದ್ದನ್ನು ಬಟ್ಟಲಿಗೆ ಸುರಿದು, ಕೊಳವೆಯನ್ನು ಕ್ಯಾಲಿಪರಿಗೆ ಹಿಡಿದು ಅಳೆದರು. ಉದ್ದ. ಇನ್ನೊಂದು, ಅದೂ ಉದ್ದ. ಪೆಟ್ಟಿಗೆಯಲ್ಲಿದ್ದ ಕೊಳವೆಗಳೆಲ್ಲ ಇರಬೇಕಾದ್ದಕ್ಕಿಂತ ಉದ್ದ. ರೋಲ್ಫ್ ನನ್ನ ಕಡೆ ನೋಡಿ ಹುಬ್ಬೇರಿಸಿದ.

ಥೋರಾ ಮಾತಾಡಿದ್ದು ನನ್ನೊಂದಿಗೆ. "ಕೇಳು, ಗಾಬರಿಗುಬ್ಬಿ. ಹಾರಿಸಿದಾಗ ಕೊಳವೆ ಉಬ್ಬುತ್ತೆ. ಪ್ರೆಸ್ಸಲ್ಲಿ ಒತ್ತಿದ್ರೆ ಮೈ ಸಣ್ಣ ಆಗಿ ಕತ್ತು ಉದ್ದ ಆಗುತ್ತೆ, ಹಿಟ್ಟನ್ನ ಮುಷ್ಟೀಲಿ ಹಿಚುಕಿದ ಹಾಗೆ. ಅದಕ್ಕೇ ಮೊದಲು ಒತ್ತೋದು, ಆಮೇಲೆ ಕತ್ತು ಹೆರೆಯೋದು. ಹಿಂದುಮುಂದಾದ್ರೆ ಉದ್ದ ಕತ್ತು ನಳಿಗೆಗೆ ಸಿಕ್ಕಿ ಗುಂಡನ್ನ ಹಿಸುಕುತ್ತೆ. ಕೋವಿ ಸಿಡೀಬಹುದು." ಹಲಗೆಯ ಮೇಲಿನ ಸಾಲುಗಳತ್ತ ಕೈ ತೋರಿಸಿದರು. "ಒತ್ತದೇ ಇರೋದು ಬಾಯಿ ಮೇಲೆ, ಒತ್ತಿದ್ದು ಬಾಯಿ ಕೆಳಗೆ. ಈ ಮೇಜಿನ ಮೇಲೆ ಯಾವಾಗ್ಲೂ ಹಾಗೇ. ಈ ತೋಟಾ ಮಾಡಿದ ದಿನ ನಾನು ಬಂದಾಗ ಎಲ್ಲಾ ಬಾಯಿ ಕೆಳಗಿದ್ವು. ಒತ್ತಿ ಆಗಿದೆ ಅಂದ್ಕೊಂಡು ಹೆರೆದುಬಿಟ್ಟೆ."

ರೋಲ್ಫನ ಕಿವಿ ಕೆಂಪಾಯಿತು. "ನಾನೇ ಕವುಚಿಟ್ಟೆ. ಗುಡಿಸ್ತಿದ್ದೆ. ಒಳಗೆ ಧೂಳು ಬೀಳುತ್ತೆ ಅಂತ."

ಈಗ ಮಗನ ಗತಿ ಮುಗಿಯಿತು ಎಂದುಕೊಂಡೆ. ಥೋರಾ ದನಿ ಏರಿಸಲಿಲ್ಲ.

"ಅದು ನಿಂದು. ಗುಂಡು ಇಡುವಾಗ ಸಡಿಲ ಅನ್ನಿಸ್ತು, ಓ ಇವು ಒತ್ತಿಲ್ಲ ಅಂತ ಆಗ ಒತ್ತಿದೆ. ಮತ್ತೆ ಅಳೀಬೇಕಿತ್ತು, ಅಳೀಲಿಲ್ಲ. ಅದು ನಂದು. ಆದ್ರೆ ಒಂದು ತಪ್ಪಿಗೆ ಮೇಜು ಹೊರಗೆ ಹೋಗ್ಬೇಕು ಅಂದ್ರೆ, ನಿನ್ನ ಪಿಕಪ್ ಯಾವತ್ತೋ ಗುಜರಿಗೆ ಹೋಗ್ಬೇಕಿತ್ತು. ಚರ್ಚಿನ ಬೇಲಿಗೆ ಎರಡು ಸಲ ಗುದ್ದಿದೀಯ."

"ಮತ್ತೆ ಮಗುವಿನ ಬಾಯಿಗೆ ಹೋಗಿದ್ದು?" ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. "ಅದು ಯಾರದು, ಥೋರಾ?"

"ಅದೂ ನಂದೇ. ಬೈಯೋದಿದ್ರೆ ಬೈದು ಮುಗಿಸು. ಕಾಲುಚೀಲ, ಏಪ್ರನ್ ಎರಡೂ ಇಲ್ಲೇ ಬಿಟ್ಟು, ಕೈ ತೊಳ್ಕೊಂಡು ಮೇಲೆ ಬರ್ತೀನಿ. ಮದ್ದಿಗೆ ಬೀಗ ಹಾಕಿ ಕೀಲಿ ನೀನೇ ಇಟ್ಕೋ, ಬೇಕಾದಾಗ ಕೇಳ್ತೀನಿ. ಆದ್ರೆ ಕುರ್ಚಿಲಿ ಕೂತು ಕಿಟಕಿ ನೋಡೋ ಅಜ್ಜಿ ನಾನಾಗಲ್ಲ. ನಿನಗೋಸ್ಕರ ಆಗಲ್ಲ, ಇವನಿಗೋಸ್ಕರ ಆಗಲ್ಲ. ಈ ಪುಟ್ಟಿಗೋಸ್ಕರ ಅಂತೂ ಆಗೋದೇ ಇಲ್ಲ. ಅವಳು ನನ್ನನ್ನ ನೋಡ್ತಿದಾಳೆ."

ನಿಜವಾಗಿಯೂ ನೋಡುತ್ತಿದ್ದಳು, ಬಾಯಿ ತೆರೆದುಕೊಂಡು. ಥೋರಾ ಮೊದಲ ಕೊಳವೆಯನ್ನು ಹೆರೆಯುವ ಯಂತ್ರದ ಹಿಡಿಗೆ ಸಿಕ್ಕಿಸಿ ಕೈತಿರುಗಣೆ ತಿರುಗಿಸತೊಡಗಿದರು. ಕರ್ರ್ ಕರ್ರ್ ಎನ್ನುತ್ತ ಸಣ್ಣ ಎಳೆಗಳು ಕೆಳಗೆ ಹಾಸಿದ ಒದ್ದೆ ಬಟ್ಟೆಯ ಮೇಲೆ ಉದುರಿದವು. ಪ್ರತಿಯೊಂದನ್ನೂ ಹೆರೆದು ಅಳೆದರು, ಆಮೇಲೆ ಕ್ಯಾಲಿಪರನ್ನು ರೋಲ್ಫನ ಕೈಗೆ ಕೊಟ್ಟು ಅವನಿಂದಲೂ ಅಳೆಸಿದರು.

ಶುಕ್ರವಾರವೆಲ್ಲ ಫೋನು ಹಿಡಿದು ಮನೆ ಸುತ್ತಿದೆ. ಹೂಂ ಎಂದುಬಿಟ್ಟರೆ ನನಗೆ ನಿದ್ದೆ ಬರುತ್ತದೆಯೇ? ಆಮೇಲೆ ಹೆದರಲು ಒಲೆ ಇದೆ, ಮೆಟ್ಟಿಲಿದೆ, ಹೊರಗೆ ಹೊಳೆಯಿದೆ. ಒಂದೊಂದನ್ನೂ ಪಿಕಪ್ಪಿನಲ್ಲಿ ಹೇರಿ ಕಳಿಸಿದರೆ ಕೊನೆಗೆ ಮನೆಯಲ್ಲಿ ಉಳಿಯುವುದು ನಾನು ಮತ್ತು ನನ್ನ ಹೆದರಿಕೆ. ಕೆಳಗೆ ಥೋರಾ ಮಂಡಿಯೂರಿ ನೆಲ ಒರೆಸುತ್ತಿದ್ದರು. ಎಳೆ ಅಂಟದಂತೆ ಕಾಲುಚೀಲ ಕಳಚಿಟ್ಟಿದ್ದರು, ಸಿಮೆಂಟು ಮಂಜುಗಡ್ಡೆಯಷ್ಟು ತಣ್ಣಗಿತ್ತು. ನಾನು ನೋಡುತ್ತಿರುವುದು ಗೊತ್ತಾದರೂ ತಲೆಯೆತ್ತಲಿಲ್ಲ.

ನಂಬರು ಒತ್ತಿದೆ.

"ಹೇಳು," ಎಂದ ರೋಲ್ಫ್. "ಎಷ್ಟೊತ್ತಿಗೆ ಬರಲಿ?"

"ಬೆಳಿಗ್ಗೆನೇ ಬಾ. ಖಾಲಿ ಗಾಡಿ ತರಬೇಡ. ಗಟ್ಟಿ ಬಾಗಿಲು ಒಂದು ಹೇರ್ಕೊಂಡು ಬಾ, ನೆಲಮಾಳಿಗೆ ಮೆಟ್ಟಿಲಿಗೆ. ಚಿಲಕ ನನ್ನ ತಲೆ ಎತ್ತರಕ್ಕೆ ಇರಬೇಕು."

"ಮೇಜು?"

"ಮೇಜು ಎಲ್ಲಿದೆಯೋ ಅಲ್ಲೇ ಇರುತ್ತೆ."

"ಅಮ್ಮ ಹೆದರಿಸಿದ್ಲಾ ನಿನ್ನ?"

"ಹೆದರೋದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ರೋಲ್ಫ್. ಹೆದರಿಕೊಂಡೇ ಹೇಳ್ತಿದೀನಿ. ಬಾಗಿಲು ತಾ."