ಹುಲಿಗೆಮ್ಮನ ಹಾಜರಿ

ಹುಲಿಗೆಮ್ಮ, ನೀನು ಶಾಲೆಗೆ ಬಾರದ ದಿನಗಳಲ್ಲೂ ನಿನಗೆ ಹಾಜರಿ ಹಾಕಿದವಳು ನಾನು. ಒಂದೆರಡು ದಿನವಲ್ಲ — ಆಗಸ್ಟ್‌ನಿಂದ ಬೇಸಿಗೆ ರಜೆಯವರೆಗೆ, ದಿನವೂ, ನನ್ನ ಕೈಯಾರೆ.

ಬೆಂಗಳೂರಿನ ಬನಶಂಕರಿ ಕಡೆಯ ಆ ಪುಟ್ಟ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಿಸ್ಸೂ ನಾನೇ, ನಿನ್ನ ಐದನೇ ಕ್ಲಾಸಿನ ಮಿಸ್ಸೂ ನಾನೇ. ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ನಿಮ್ಮಪ್ಪ ಅಮ್ಮ ಜೂನ್‌ನಲ್ಲಿ ನಿನ್ನನ್ನು ಸೇರಿಸಿದ್ದರು. ಪಕ್ಕದ ಕ್ಲಾಸಿಗೂ ಕೇಳುವಂತೆ ಪಾಠ ಓದುವವಳು ನೀನು — ಮೆಲ್ಲಗೆ ಓದೇ ತಾಯಿ ಎಂದು ಎಷ್ಟು ಸಲ ಗೇಲಿ ಮಾಡಿದ್ದೆನೋ. ಎರಡು ತಿಂಗಳಲ್ಲಿ ಕಟ್ಟಡ ಮುಗಿಯಿತು. ಮೇಸ್ತ್ರಿ ನಿಮ್ಮನ್ನೆಲ್ಲ ತಲಘಟ್ಟಪುರದ ಕೆಲಸಕ್ಕೆ ಕರೆದುಕೊಂಡು ಹೋದ.

ನಿಮ್ಮಪ್ಪ ಒಂದು ದಿನದ ಕೂಲಿ ಬಿಟ್ಟು ಬಂದು ಬಾಗಿಲಲ್ಲೇ ನಿಂತರು.

"ಟೀಸಿ ಕೊಡ್ರಿ ಮೇಡಂ. ಅದಿಲ್ಲಂದ್ರ ಅಲ್ಲಿ ಸಾಲ್ಯಾಗ ತಗೊಳ್ಳಂಗಿಲ್ಲ ಅಂತಾರ."

ಟೀಸಿ ಇಲ್ಲದಿದ್ದರೂ ಸೇರಿಸಿಕೊಳ್ಳಬೇಕೆಂಬ ನಿಯಮ ನನಗೆ ಗೊತ್ತಿತ್ತು. ಹೇಳಲಿಲ್ಲ. ಇಲಾಖೆಯವರು ಮಕ್ಕಳ ಎಣಿಕೆ ಮಾಡುವ ದಿನ ಹತ್ತಿರದಲ್ಲಿತ್ತು. ಒಂದು ಹೆಸರು ಕಡಿಮೆಯಾದರೂ ನಮ್ಮ ಟೀಚರೊಬ್ಬರನ್ನು ಹೆಚ್ಚುವರಿ ಎಂದು ಬೇರೆ ಶಾಲೆಗೆ ಹಾಕುತ್ತಿದ್ದರು, ಅವರ ಕ್ಲಾಸೂ ನನ್ನ ತಲೆಗೇ ಬರುತ್ತಿತ್ತು. ಅಷ್ಟೇ ಕಾರಣ — ಅಷ್ಟು ಸಣ್ಣದು. ದೀಪಾವಳಿ ಆದ ಮೇಲೆ ಬನ್ನಿ ಎಂದೆ. ಬಂದರು. ಎಣಿಕೆಯೇನೋ ಮುಗಿದಿತ್ತು, ಆದರೆ ಅಷ್ಟು ದಿನ ಹಾಕಿದ ಸುಳ್ಳು ಹಾಜರಿ ಹೊರಗೆ ಬೀಳುವ ಭಯ. ಸಂಕ್ರಾಂತಿ ಕಳೆಯಲಿ ಎಂದೆ. ಮೂರನೆಯ ಸಲ ಅವರು ಬರಲಿಲ್ಲ.

ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡುವವರು ಬಂದಾಗ ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎಂದು ಸಹಿ ಹಾಕಿಕೊಟ್ಟೆ. ಹಾಜರಿ ಪುಸ್ತಕದ ಪ್ರಕಾರ ನೀನು ನನ್ನ ಕ್ಲಾಸಿನಲ್ಲೇ ಕೂತಿದ್ದೆ. ಹಾಗಾಗಿ ನಿನ್ನನ್ನು ಹುಡುಕಿಕೊಂಡು ಯಾರೂ ಹೋಗಲಿಲ್ಲ. ಆವತ್ತು ನನಗೆ ಏನೂ ಅನ್ನಿಸಲಿಲ್ಲ. ಇವತ್ತಿಗೂ ಅಳು ಬರುವುದಿಲ್ಲ — ಎದೆಗೆ ಜೋಮು ಹಿಡಿದ ಹಾಗಿದೆ.

ನಾಲ್ಕು ವರ್ಷ ಕಳೆದು, ಹೋದ ತಿಂಗಳು, ತಲಘಟ್ಟಪುರದಲ್ಲಿ ತಂಗಿಯ ಮಗಳ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಮೆಟ್ಟಿಲು ಒರೆಸುತ್ತಿದ್ದ ನೀನು ನನ್ನನ್ನು ಕಂಡು ಎದ್ದು ನಿಂತೆ, ಒದ್ದೆ ಕೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಕೈಮುಗಿದೆ. ಈಗ ಎಷ್ಟನೇ ಕ್ಲಾಸು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನೀನೇ ತಲೆ ತಗ್ಗಿಸಿ ಹೇಳಿದೆ.

"ತಪ್ಪಾತ್ರಿ ಮೇಡಂ. ನಿಮ್ಗ ಹೇಳಲಾರ್ದ ಸಾಲಿ ಬಿಟ್ಟೆ."

ಬಿಡಿಸಿದ್ದು ನಾನು ಎಂದು ಅಲ್ಲೇ ಹೇಳಬೇಕಿತ್ತು. ಬಾಯಿಯವರೆಗೂ ಬಂತು — ಮೇಲಿನಿಂದ ಯಾರೋ ಊಟಕ್ಕೆ ಕರೆದರು.

"ಇರ್ಲಿ ಬಿಡಮ್ಮ" ಎಂದೆ. ಕ್ಷಮಿಸಿದವಳ ಹಾಗೆ ನಿನ್ನ ತಲೆ ಸವರಿ, ಮೇಲೆ ಹೋಗಿ ಎಲೆಯ ಮುಂದೆ ಕೂತೆ.